ಹಳೆಯ ಫೋರ್ ವೀಲ್ ಡ್ರೈವ್ ವಾಹನ: ಇಂಧನ ಉಳಿತಾಯದ ಲೆಕ್ಕ ಮತ್ತು ಆರೈಕೆ

ರಾಜಧಾನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಳೆಯ ಜೀಪು, ಜಿಪ್ಸಿ, ಬೊಲೆರೊ, ಸಫಾರಿ ಅಥವಾ ಫೋರ್ ವೀಲ್ ಡ್ರೈವ್ ಪಿಕಪ್ ವಾಹನಗಳನ್ನು ಇಂದಿಗೂ ಜೋಪಾನವಾಗಿ ಉಳಿಸಿಕೊಂಡವರು ಇದ್ದಾರೆ. ಕೆಲವರಿಗೆ ಅದು ಬೇಸಿಗೆ ರಜೆಯಲ್ಲಿ ಉತ್ತರಾಖಂಡ, ಹಿಮಾಚಲದ ಬೆಟ್ಟಗಳಿಗೆ ಸಂಸಾರಸಮೇತ ಹೋಗಿಬರುವ ವಾಹನ. ಮಲೆನಾಡು, ಕೊಡಗಿನ ಮೂಲದವರಿಗೆ ಅದು ಊರಿನ ತೋಟದ ನೆನಪು. ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸಲು ಆರಂಭಿಸಿದಂದಿನಿಂದ ನಮ್ಮ ಘಟ್ಟದ ಸೀಮೆಯ ಬದುಕಿನಲ್ಲಿ ಜೀಪಿಗೆ ಒಂದು ಸ್ಥಾನವಿದೆ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೋ ಮಡಿಕೇರಿಯ ಕಡೆಯಿಂದ ಮಾಂದಲ್‌ಪಟ್ಟಿಗೋ ಜೀಪಿನಲ್ಲಿ ಏರಿದವರಿಗೆ ಅದರ ಸಾಮರ್ಥ್ಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಆದರೆ ಅದೇ ವಾಹನವು ಲಕ್ಷ್ಮೀ ನಗರದ ಗಲ್ಲಿಯಲ್ಲಿ ನಿಂತು, ವಿಕಾಸ ಮಾರ್ಗದ ದಟ್ಟಣೆಯಲ್ಲಿ ತೆವಳುವಾಗ ಅದರ ಇನ್ನೊಂದು ಮುಖ ಕಾಣಿಸುತ್ತದೆ. ಲೀಟರಿಗೆ ಒಂಬತ್ತು ಹತ್ತು ಕಿಲೋಮೀಟರ್ ಕೊಡುವ ವಾಹನವನ್ನು ಸಾಕುವುದು ಮಧ್ಯಮ ವರ್ಗದ ಮನೆಗೆ ಸುಲಭವಲ್ಲ. ಇದರೊಂದಿಗೆ ದೆಹಲಿಯ ವಾಯುಮಾಲಿನ್ಯದ ನಿಯಮಗಳು ಸೇರಿ, ಹಳೆಯ ವಾಹನವನ್ನು ಇಟ್ಟುಕೊಳ್ಳಬೇಕೆ, ಊರಿಗೆ ಕಳುಹಿಸಬೇಕೆ, ಇಲ್ಲವೇ ಬಿಟ್ಟುಕೊಡಬೇಕೆ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. ಭಾವನೆಯಿಂದಲ್ಲದೆ ಲೆಕ್ಕದಿಂದ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನೆರವಾಗಲೆಂದು ನಾವು ತಿಳಿದಿರುವ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಮೊದಲು ಲೆಕ್ಕ, ಆಮೇಲೆ ರಿಪೇರಿ

ಮೈಲೇಜು ಕಡಿಮೆಯಾಗಿದೆ ಎಂದು ದೂರುವವರಲ್ಲಿ ಹೆಚ್ಚಿನವರು ಅದನ್ನು ಅಳೆದಿರುವುದಿಲ್ಲ. ಇಂಧನ ಮಾಪಕದ ಮುಳ್ಳನ್ನು ನೋಡಿ ಮಾಡುವ ಊಹೆಗೆ ಬೆಲೆಯಿಲ್ಲ. ಸರಿಯಾದ ಕ್ರಮವೆಂದರೆ ಟ್ಯಾಂಕನ್ನು ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರ್ ಬರೆದಿಟ್ಟು, ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿದಾಗ ಹಿಡಿದ ಲೀಟರಿನಿಂದ ಭಾಗಿಸುವುದು. ಒಂದು ಸಲದ ಅಂಕಿ ಸಾಲದು. ಕನಿಷ್ಠ ಮೂರು ನಾಲ್ಕು ಸಲದ ಸರಾಸರಿ ಬೇಕು. ನಗರದ ಓಟ ಮತ್ತು ಹೆದ್ದಾರಿಯ ಓಟಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಟಯರಿನ ಅಳತೆ ಬದಲಾಗಿದ್ದರೆ ಓಡೋಮೀಟರ್ ಕೂಡ ತಪ್ಪು ಹೇಳುತ್ತದೆ. ಉದಾಹರಣೆಗೆ 215/75 ಆರ್15 ಟಯರಿನ ವ್ಯಾಸ ಸುಮಾರು 703 ಮಿಲಿಮೀಟರ್. ಅಂದಕ್ಕಾಗಿ 235/75 ಆರ್15 ಹಾಕಿಸಿದರೆ ವ್ಯಾಸ ಸುಮಾರು 733 ಮಿಲಿಮೀಟರ್ ಆಗುತ್ತದೆ. ಆಗ ಮೀಟರು 100 ಕಿ.ಮೀ. ತೋರಿಸಿದಾಗ ವಾಹನ ನಿಜವಾಗಿ 104 ಕಿ.ಮೀ.ಗಿಂತ ತುಸು ಹೆಚ್ಚು ಓಡಿರುತ್ತದೆ. ಮೈಲೇಜು ಇಳಿಯಿತೆಂದು ಗಾಬರಿಯಾಗುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿ ಒಂದು ಸಂಗತಿ ಗಮನಾರ್ಹ. ತಿಂಗಳಿಗೆ 1,000 ಕಿ.ಮೀ. ಓಡುವ ವಾಹನದ ಮೈಲೇಜು 18ರಿಂದ 20ಕ್ಕೆ ಏರಿದರೆ ಉಳಿಯುವುದು ಐದೂವರೆ ಲೀಟರಿನಷ್ಟು. ಅದೇ ದೂರಕ್ಕೆ ಮೈಲೇಜು 10ರಿಂದ 12ಕ್ಕೆ ಏರಿದರೆ ಉಳಿಯುವುದು ಹದಿನಾರೂವರೆ ಲೀಟರಿಗೂ ಹೆಚ್ಚು. ಎರಡೂ ಕಡೆ ಏರಿದ್ದು ಎರಡೇ ಕಿಲೋಮೀಟರ್, ಆದರೆ ಉಳಿತಾಯ ಮೂರರಷ್ಟು. ದೆಹಲಿಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 2,150 ಕಿ.ಮೀ. ಎಂದು ಹಿಡಿದರೆ, ಒಂದು ದಿಕ್ಕಿನ ಪ್ರಯಾಣದಲ್ಲೇ ಸುಮಾರು 36 ಲೀಟರ್ ಉಳಿಯುತ್ತದೆ. ‘ಹೇಗೂ ಕುಡಿಯುವ ಗಾಡಿ, ಇನ್ನೇನು ಸುಧಾರಿಸೀತು’ ಎಂಬ ಮಾತು ಆದ್ದರಿಂದ ಸರಿಯಲ್ಲ. ಹೆಚ್ಚು ಕುಡಿಯುವ ವಾಹನದಲ್ಲಿಯೇ ಸಣ್ಣ ಸುಧಾರಣೆಗೂ ದೊಡ್ಡ ಫಲವಿದೆ.

ನಾಲ್ಕು ಚಕ್ರಗಳ ಚಾಲನೆಯ ಮರ್ಮ

ಫೋರ್ ವೀಲ್ ಡ್ರೈವ್ ವಾಹನವು ಸಾಮಾನ್ಯ ಕಾರಿಗಿಂತ ಹೆಚ್ಚು ಇಂಧನ ಬೇಡುವುದಕ್ಕೆ ಅದರ ರಚನೆಯೇ ಕಾರಣ. ಗೇರ್ ಬಾಕ್ಸಿನ ಹಿಂದೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಅದರಿಂದ ಎರಡು ಪ್ರೊಪೆಲ್ಲರ್ ಶಾಫ್ಟ್‌ಗಳು ಹೊರಟು, ಮುಂದೊಂದು ಹಿಂದೊಂದು ಡಿಫರೆನ್ಷಿಯಲ್ ಅನ್ನು ತಿರುಗಿಸುತ್ತವೆ. ಇವೆಲ್ಲದರ ತೂಕ ಮತ್ತು ಘರ್ಷಣೆಯನ್ನು ಎಂಜಿನ್ ಸದಾ ಹೊರಬೇಕು.

ನಮ್ಮ ಹಳೆಯ ಜೀಪು, ಪಿಕಪ್‌ಗಳಲ್ಲಿ ಹೆಚ್ಚಿನವು ‘ಪಾರ್ಟ್ ಟೈಮ್’ ಬಗೆಯವು. 2ಎಚ್ ಸ್ಥಾನದಲ್ಲಿ ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುತ್ತವೆ. 4ಎಚ್ ಎಂದರೆ ನಾಲ್ಕೂ ಚಕ್ರಗಳು, 4ಎಲ್ ಎಂದರೆ ನಾಲ್ಕೂ ಚಕ್ರಗಳ ಜೊತೆಗೆ ನಿಧಾನದ ಬಲವಾದ ಎಳೆತ. ವಾಹನ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಟು ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಇರುವುದಿಲ್ಲ. ಕೆಸರು, ಮರಳು, ಹಿಮದಲ್ಲಿ ಚಕ್ರ ತುಸು ಜಾರಿ ಸಮವಾಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟ್, ಗೇರುಗಳೊಳಗೆ ಬಿಗಿತ ಕಟ್ಟುತ್ತದೆ. ಇದರಿಂದ ಇಂಧನ ನಷ್ಟ, ಟಯರು ಸವೆತ, ಕೊನೆಗೆ ಟ್ರಾನ್ಸ್‌ಫರ್ ಕೇಸಿನ ಹಾನಿ. ಆದ್ದರಿಂದ ನಗರದಲ್ಲಿಯೂ ಒಣ ಹೆದ್ದಾರಿಯಲ್ಲಿಯೂ 2ಎಚ್ ಒಂದೇ ಸರಿಯಾದ ಸ್ಥಾನ. ಬೆಟ್ಟದ ಪ್ರವಾಸದಿಂದ ಮರಳಿದ ಮೇಲೆ ಲಿವರು ನಿಜಕ್ಕೂ 2ಎಚ್‌ಗೆ ಬಂದಿದೆಯೇ ಎಂದು ಪರೀಕ್ಷಿಸುವುದು ಅಗತ್ಯ.

ಇಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. 2ಎಚ್‌ನಲ್ಲಿ ಎಂಜಿನಿನ ಶಕ್ತಿ ಮುಂದಕ್ಕೆ ಹೋಗದಿದ್ದರೂ, ಉರುಳುವ ಮುಂದಿನ ಚಕ್ರಗಳು ಮುಂದಿನ ಡಿಫರೆನ್ಷಿಯಲ್ ಮತ್ತು ಶಾಫ್ಟನ್ನು ವ್ಯರ್ಥವಾಗಿ ತಿರುಗಿಸುತ್ತಿರಬಹುದು. ಇದನ್ನು ತಪ್ಪಿಸಲೆಂದೇ ಅನೇಕ ವಾಹನಗಳಲ್ಲಿ ಫ್ರೀ ವೀಲಿಂಗ್ ಹಬ್‌ಗಳಿವೆ. ಮುಂದಿನ ಚಕ್ರದ ನಟ್ಟನಡುವೆ ಕೈಯಿಂದ ತಿರುಗಿಸುವ ಬಿಲ್ಲೆಯಿದ್ದರೆ ಅದು ಇದೇ. ಅದನ್ನು ‘ಫ್ರೀ’ ಸ್ಥಾನದಲ್ಲಿಟ್ಟರೆ ಚಕ್ರ ಮಾತ್ರ ಉರುಳುತ್ತದೆ, ಒಳಗಿನ ಶಾಫ್ಟ್ ನಿಲ್ಲುತ್ತದೆ. ಎರಡೂ ಹಬ್‌ಗಳು ಒಂದೇ ಸ್ಥಾನದಲ್ಲಿರಬೇಕು. ಒಂದು ಫ್ರೀ, ಒಂದು ಲಾಕ್ ಆಗಿರುವುದು ಅಪಾಯ. ತಿಂಗಳಿಗೊಮ್ಮೆ ಹಬ್‌ಗಳನ್ನು ಲಾಕ್ ಮಾಡಿ, ಲಿವರು 2ಎಚ್‌ನಲ್ಲಿಯೇ ಇರುವಂತೆ, ಕೆಲವು ಕಿಲೋಮೀಟರ್ ಓಡಿಸಿದರೆ ಮುಂದಿನ ಡಿಫರೆನ್ಷಿಯಲಿನ ಆಯಿಲು ಹರಡಿ ಒಳಭಾಗ ಒಣಗದೆ ಉಳಿಯುತ್ತದೆ. ಹಬ್‌ಗಳು ತಾವಾಗಿಯೇ ಹಿಡಿದು ಬಿಡುವ ಬಗೆಯವಾಗಿದ್ದರೆ, ಅವು ನಿಜವಾಗಿ ಬಿಡುತ್ತಿವೆಯೇ ಎಂದು ಜಾಕಿ ಎತ್ತಿ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಬೇಕು.

ಟ್ರಾನ್ಸ್‌ಫರ್ ಕೇಸ್ ಮತ್ತು ಎರಡು ಡಿಫರೆನ್ಷಿಯಲ್‌ಗಳ ಆಯಿಲು ಸಾಮಾನ್ಯ ಸರ್ವಿಸಿನಲ್ಲಿ ಮರೆತುಹೋಗುವ ವಸ್ತು. ಮಟ್ಟ ಕಡಿಮೆಯಾದರೂ, ಕೈಗೆ ಸಿಕ್ಕ ಮಂದ ಆಯಿಲು ಹಾಕಿದರೂ ಘರ್ಷಣೆ ಹೆಚ್ಚುತ್ತದೆ. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯನ್ನೇ ಕೇಳಿ ಹಾಕಿಸಬೇಕು. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳಿಗೆ ಗ್ರೀಸ್ ಹೊಡೆಸಬೇಕು.

ಟಯರು, ಬ್ರೇಕು ಮತ್ತು ಭಾರ

ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ನಾಲ್ಕೂ ಟಯರುಗಳ ಸರಾಸರಿ ಗಾಳಿ ಒಂದು ಪಿಎಸ್‌ಐ ಇಳಿದರೆ ಮೈಲೇಜು ಶೇ. 0.2ರಷ್ಟು ಇಳಿಯುತ್ತದೆ. ಹತ್ತು ಪಿಎಸ್‌ಐ ಇಳಿದರೆ ಶೇ. 2 ಆಯಿತು. ಇದು ದೊಡ್ಡ ಅಂಕಿಯಲ್ಲ, ಆದರೆ ಇದಕ್ಕೆ ಖರ್ಚೂ ಇಲ್ಲ. ಗಾಳಿಯನ್ನು ಬೆಳಗ್ಗೆ ಟಯರು ತಣ್ಣಗಿರುವಾಗ ನೋಡಿಸಬೇಕು. ದೆಹಲಿಯ ಚಳಿಗಾಲದಲ್ಲಿ ಗಾಳಿಯ ಒತ್ತಡ ತಾನಾಗಿಯೇ ಇಳಿಯುವುದರಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ಹೆಚ್ಚಿನ ಎಚ್ಚರ ಬೇಕು. ದಪ್ಪ ಗಂಟುಗಳ ಮಣ್ಣುದಾರಿಯ ಟಯರು ನೋಡಲು ಗಂಭೀರವಾಗಿದ್ದರೂ ಡಾಂಬರಿನ ಮೇಲೆ ಹೆಚ್ಚು ಶಕ್ತಿಯನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗುವ ವಾಹನಕ್ಕೆ ಸಾಧಾರಣ ಹೆದ್ದಾರಿ ಟಯರೇ ಸಾಕು. ನಾಲ್ಕೂ ಟಯರು ಒಂದೇ ಅಳತೆಯವಾಗಿರುವುದು ಫೋರ್ ವೀಲ್ ಡ್ರೈವ್‌ನಲ್ಲಿ ಕಡ್ಡಾಯ.

ಹಳೆಯ ವಾಹನದ ದೊಡ್ಡ ಗುಪ್ತ ನಷ್ಟವೆಂದರೆ ಬಿಡದೆ ಹಿಡಿದುಕೊಂಡಿರುವ ಬ್ರೇಕು. ಮಳೆಗಾಲದಲ್ಲಿ ತುಕ್ಕು ಹಿಡಿದ ಹ್ಯಾಂಡ್ ಬ್ರೇಕ್ ಕೇಬಲ್, ಜಾಮ್ ಆದ ವೀಲ್ ಸಿಲಿಂಡರ್‌ಗಳಿಂದ ಇದು ಆಗುತ್ತದೆ. ಹೆಚ್ಚು ಬ್ರೇಕು ಹಾಕದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಬಳಿ, ಮುಟ್ಟದೆ, ಕೈ ಹಿಡಿದು ನೋಡಬೇಕು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ದೋಷ ಅಲ್ಲಿದೆ. ಜಾಕಿ ಎತ್ತಿದಾಗ ಚಕ್ರ ಕೈಯಿಂದ ಸರಾಗವಾಗಿ ತಿರುಗಬೇಕು. ಇದು ಇಂಧನದ ಮಾತಷ್ಟೇ ಅಲ್ಲ, ಘಟ್ಟ ಇಳಿಯುವಾಗ ಜೀವದ ಮಾತೂ ಹೌದು.

ಭಾರದ ವಿಷಯದಲ್ಲಿ ಅದೇ ಇಲಾಖೆಯ ಅಂದಾಜು, ಸುಮಾರು 45 ಕೆ.ಜಿ. ಹೆಚ್ಚುವರಿ ತೂಕಕ್ಕೆ ಶೇ. 1ರಷ್ಟು ಮೈಲೇಜು ನಷ್ಟ. ಹಿಂದಿನ ಪ್ರವಾಸದ ಸಾಮಾನು, ಖಾಲಿ ಕ್ಯಾರಿಯರ್, ಎರಡನೆಯ ಸ್ಟೆಪ್ನಿ, ಕಬ್ಬಿಣದ ಬುಲ್ ಬಾರ್ ಇವೆಲ್ಲ ಸೇರಿ ಎಷ್ಟಾಗುತ್ತದೆಂದು ಒಮ್ಮೆ ತೂಗಿ ನೋಡಬಹುದು. ಬುಲ್ ಬಾರ್ ಅಪಾಯಕಾರಿಯೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಡಿಸೆಂಬರ್ 2017ರಲ್ಲಿ ಅದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ತಿಳಿಸಿದೆ. ಅದನ್ನು ತೆಗೆಸಿದರೆ ತೂಕವೂ ದಂಡದ ಭಯವೂ ಒಟ್ಟಿಗೆ ಇಳಿಯುತ್ತವೆ.

ಎಂಜಿನಿನ ಆರೈಕೆ

ಹಳೆಯ ಡೀಸೆಲ್ ಎಂಜಿನಿನಲ್ಲಿ ಕಪ್ಪು ಹೊಗೆ ಬರುತ್ತಿದ್ದರೆ ನಾವು ಹಣ ಕೊಟ್ಟು ಕೊಂಡ ಡೀಸೆಲಿನ ಒಂದು ಭಾಗ ಉರಿಯದೆ ಹೊರಹೋಗುತ್ತಿದೆ ಎಂದರ್ಥ. ಆ ಹೊಗೆಯನ್ನು ಸೇವಿಸುವವರು ನಮ್ಮದೇ ಬೀದಿಯ ಮಕ್ಕಳು ಮತ್ತು ಹಿರಿಯರು. ಆದ್ದರಿಂದ ಹಳೆಯ ವಾಹನದಲ್ಲಿ ಇಂಧನ ಉಳಿಸುವುದೂ ಹೊಗೆ ತಗ್ಗಿಸುವುದೂ ಬಹುಪಾಲು ಒಂದೇ ಕೆಲಸ.

ಇದಕ್ಕೆ ಮುಖ್ಯ ಕಾರಣಗಳು ಮೂರು. ಮೊದಲನೆಯದು ಏರ್ ಫಿಲ್ಟರ್. ದೆಹಲಿಯ ಧೂಳಿನಲ್ಲಿ ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ಅದು ಕಟ್ಟಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಪೆಟ್ರೋಲ್ ಎಂಜಿನಿನಲ್ಲಿ ಫಿಲ್ಟರ್ ಕಟ್ಟಿದರೆ ಎಳೆತ ಕಡಿಮೆಯಾದೀತೇ ಹೊರತು ಮೈಲೇಜು ಹೆಚ್ಚು ಬದಲಾಗದು. ಆದರೆ ಕಾರ್ಬುರೇಟರ್ ಇರುವ ಹಳೆಯ ಎಂಜಿನಿನಲ್ಲಿಯೂ ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನಿನಲ್ಲಿಯೂ ಇದು ನೇರವಾಗಿ ಇಂಧನಕ್ಕೆ ಸಂಬಂಧಿಸಿದ್ದು. ಎರಡನೆಯದು ನಾಝಲ್. ಇಂಧನ ಮಂಜಿನಂತೆ ಹರಡದೆ ಹನಿಯಾಗಿ ಬಿದ್ದರೆ ಪೂರ್ತಿ ಉರಿಯದು. ಡೀಸೆಲ್ ಪಂಪ್ ಮತ್ತು ನಾಝಲ್‌ಗಳನ್ನು ಪರೀಕ್ಷಾ ಯಂತ್ರವಿರುವ ಕೇಂದ್ರದಲ್ಲಿಯೇ ಕ್ಯಾಲಿಬ್ರೇಷನ್ ಮಾಡಿಸಬೇಕು. ‘ಪಿಕಪ್ ಹೆಚ್ಚಲಿ’ ಎಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವ ಕೈಚಳಕಕ್ಕೆ ಒಪ್ಪಬಾರದು. ಮೂರನೆಯದು ಟ್ಯಾಪೆಟ್ ಅಂತರ ಮತ್ತು ಕಂಪ್ರೆಷನ್. ಕಂಪ್ರೆಷನ್ ಕುಸಿದಿದ್ದರೆ ಉಳಿದ ಯಾವ ಉಪಾಯವೂ ಫಲಿಸದು. ದೊಡ್ಡ ಖರ್ಚಿಗೆ ಮುನ್ನ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಜಾಣತನ.

ಇನ್ನೊಂದು ವಿಷಯ ನಮ್ಮ ದೇಶಕ್ಕೆ ವಿಶೇಷವಾದದ್ದು. ಎಂಜಿನ್ ಬಿಸಿಯಾಗುತ್ತದೆಂಬ ಭಯದಿಂದ ಹಳೆಯ ವಾಹನಗಳ ಥರ್ಮೋಸ್ಟಾಟ್ ವಾಲ್ವನ್ನು ಮೆಕ್ಯಾನಿಕರು ತೆಗೆದು ಎಸೆಯುವುದು ಸಾಮಾನ್ಯ. ಅದಿಲ್ಲದಿದ್ದರೆ ತಣ್ಣೀರು ಸದಾ ಹರಿದು ಎಂಜಿನ್ ಸರಿಯಾದ ಶಾಖಕ್ಕೆ ಬರುವುದೇ ಇಲ್ಲ. ದೆಹಲಿಯ ಜನವರಿಯಲ್ಲಂತೂ ಇದರಿಂದ ಇಂಧನ ಹೆಚ್ಚು ಖರ್ಚಾಗಿ, ಎಂಜಿನ್ ಸವೆತವೂ ಹೆಚ್ಚುತ್ತದೆ. ರೇಡಿಯೇಟರನ್ನು ಶುಚಿಗೊಳಿಸಿ ಥರ್ಮೋಸ್ಟಾಟ್ ಮತ್ತೆ ಹಾಕಿಸುವುದೇ ಸರಿ. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹಳೆಯ ವಾಹನಗಳ ಇಂತಹ ಸಣ್ಣ ಭಾಗಗಳನ್ನು ವಿಚಾರಿಸಬಹುದು. ಹಳೆಯ ಭಾಗವನ್ನು ಮಾದರಿಗೆ ಕೊಂಡೊಯ್ದರೆ ಗೊಂದಲವಾಗದು.

ವಾಹನ ಓಡಿಸುವ ಕೈ

ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಏರಿದಾಗ ವೇಗ ಹೆಚ್ಚಿದ್ದು ಕಾಲು ಪಾಲು, ಪ್ರತಿರೋಧ ಹೆಚ್ಚುವುದು ಅರ್ಧಕ್ಕಿಂತ ಅಧಿಕ. ಎತ್ತರದ, ಚೌಕಾಕಾರದ ಜೀಪಿನಂತಹ ವಾಹನಕ್ಕೆ ಇದು ಕಾರಿಗಿಂತ ಹೆಚ್ಚು ಬಾಧಕ. 1973ರ ತೈಲ ಬಿಕ್ಕಟ್ಟಿನ ತರುವಾಯ 1974ರಲ್ಲಿ ಅಮೆರಿಕವು ಇಡೀ ದೇಶದ ಹೆದ್ದಾರಿಗಳಿಗೆ ಗಂಟೆಗೆ 55 ಮೈಲಿಯ ಮಿತಿ ವಿಧಿಸಿದ್ದು ಇದೇ ಕಾರಣಕ್ಕೆ. ದೆಹಲಿ–ಮೇರಠ್ ಎಕ್ಸ್‌ಪ್ರೆಸ್‌ ವೇಯ ನುಣುಪು ಎಷ್ಟೇ ಆಹ್ವಾನಿಸಿದರೂ ಹಳೆಯ ಪಿಕಪ್ಪಿಗೆ 60ರಿಂದ 70ರ ವೇಗ ಹಿತ. ಐದನೆಯ ಗೇರ್ ಇಲ್ಲದ ಹಳೆಯ ಜೀಪುಗಳಿಗೆ ಇನ್ನೂ ಕಡಿಮೆ. ನಿಧಾನದ ವಾಹನ ಎಡ ಪಥದಲ್ಲಿಯೇ ಸಾಗಬೇಕೆಂಬುದನ್ನು ಹೇಳಬೇಕಾಗಿಲ್ಲ.

ನಗರದ ಸಮಸ್ಯೆ ಬೇರೆ. ವಿಕಾಸ ಮಾರ್ಗದಲ್ಲಿ ಐಟಿಒ ಸೇತುವೆಯವರೆಗಿನ ಸಾಲಿನಲ್ಲಿ ನಿಂತಿರುವ ಎಂಜಿನಿನ ಮೈಲೇಜು ಸೊನ್ನೆ. ‘ರೆಡ್ ಲೈಟ್ ಆನ್, ಗಾಡಿ ಆಫ್’ ಎಂದು 2020ರ ಅಕ್ಟೋಬರಿನಲ್ಲಿ ದೆಹಲಿ ಸರ್ಕಾರ ನಡೆಸಿದ ಪ್ರಚಾರ ಹಲವರಿಗೆ ನೆನಪಿರಬಹುದು. ದೀಪ ಹಸಿರಾಗಲು ಅರ್ಧ ನಿಮಿಷಕ್ಕಿಂತ ಹೆಚ್ಚಿದ್ದರೆ ಎಂಜಿನ್ ನಿಲ್ಲಿಸುವುದು ಲಾಭ. ಬ್ಯಾಟರಿ ಮತ್ತು ಸ್ಟಾರ್ಟರ್ ಸುಸ್ಥಿತಿಯಲ್ಲಿದ್ದರೆ ಇದಕ್ಕೆ ಹಿಂಜರಿಯಬೇಕಿಲ್ಲ. ಟರ್ಬೊ ಇರುವ ಎಂಜಿನನ್ನು ಘಟ್ಟ ಹತ್ತಿಸಿದ ಕೂಡಲೇ ಮಾತ್ರ ತಟ್ಟನೆ ನಿಲ್ಲಿಸದೆ ತುಸು ಹೊತ್ತು ತಣಿಯಲು ಬಿಡಬೇಕು. ಮುಂದಿನ ದಟ್ಟಣೆಯನ್ನು ದೂರದಿಂದಲೇ ಗಮನಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಕ್ಲಚ್ಚಿನ ಮೇಲೆ ಕಾಲಿಡದಿರುವುದು, ಇವು ಹಳೆಯ ಪಾಠಗಳಾದರೂ ಸತ್ಯ. ಇಷ್ಟಕ್ಕೂ ಲಕ್ಷ್ಮೀ ನಗರಕ್ಕೆ 2010ರ ಜನವರಿಯಿಂದ ಮೆಟ್ರೊ ಇದೆ. ದಿನನಿತ್ಯದ ಕಚೇರಿ ಓಡಾಟಕ್ಕೆ ಎರಡು ಟನ್ ತೂಕದ ವಾಹನವನ್ನು ಹೊರಡಿಸದಿರುವುದೇ ಮೊದಲ ಉಳಿತಾಯ.

ಪವಾಡದ ಸಾಧನಗಳು

ಇಂಧನದ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ಗಾಳಿಯನ್ನು ಸುಳಿ ಸುತ್ತಿಸುವ ಯಂತ್ರ ಇವುಗಳ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವ ಯಾವುದನ್ನೂ ಕಾಣಲಿಲ್ಲ. ಆ ಹಣದಲ್ಲಿ ಒಂದು ಏರ್ ಫಿಲ್ಟರ್ ಕೊಳ್ಳುವುದು ಮೇಲು. ನಮ್ಮಲ್ಲಿ 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಅಂದರೆ ಪಿಸಿಆರ್‌ಎ, ಜನರಿಗೆ ಹೇಳುತ್ತ ಬಂದಿರುವುದೂ ಹದವಾದ ವೇಗ, ಸರಿಯಾದ ಗಾಳಿ, ನಿಯಮಿತ ಆರೈಕೆ ಎಂಬ ಸರಳ ಮಾತುಗಳನ್ನೇ.

ಜಿಪ್ಸಿಯಂತಹ ಪೆಟ್ರೋಲ್ ವಾಹನ ಇರುವವರು ಇನ್ನೊಂದನ್ನು ತಿಳಿದಿರಬೇಕು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಲೀಟರೊಂದಕ್ಕೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ನೀತಿ ಆಯೋಗದ 2021ರ ವರದಿಯೇ, ಶುದ್ಧ ಪೆಟ್ರೋಲಿಗೆಂದು ರೂಪಿಸಿ ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜು ಇಳಿಯಬಹುದೆಂದು ಅಂದಾಜಿಸಿತ್ತು. ಇಷ್ಟು ಇಳಿಕೆಗೆ ಮೆಕ್ಯಾನಿಕರನ್ನು ದೂರುವುದು ನ್ಯಾಯವಲ್ಲ. ಆದರೆ ಹಳೆಯ ರಬ್ಬರ್ ಪೈಪುಗಳನ್ನು ಸೋರಿಕೆಗಾಗಿ ಪರೀಕ್ಷಿಸಿ ಬದಲಾಯಿಸುವುದು ಕ್ಷೇಮ.

ಕಾನೂನಿನ ಗಡಿ

ಮೈಲೇಜು ಎಷ್ಟೇ ಸುಧಾರಿಸಿದರೂ ಕಾನೂನಿನ ಅವಕಾಶವಿಲ್ಲದೆ ವಾಹನಕ್ಕೆ ದೆಹಲಿಯ ರಸ್ತೆಯಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014 ಮತ್ತು 2015ರಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಮತ್ತು 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು ನಿರ್ಬಂಧಿಸಿತು. ಸರ್ವೋಚ್ಚ ನ್ಯಾಯಾಲಯ 29 ಅಕ್ಟೋಬರ್ 2018ರಂದು ಇದನ್ನು ಜಾರಿಗೊಳಿಸಲು ಆದೇಶಿಸಿತು. 12 ಆಗಸ್ಟ್ 2025ರಂದು ವಯಸ್ಸಿನ ಕಾರಣಕ್ಕಾಗಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದ ನ್ಯಾಯಾಲಯ, 17 ಡಿಸೆಂಬರ್ 2025ರಂದು ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಮೇಲಿನ ವಾಹನಗಳಿಗೆ ಸೀಮಿತಗೊಳಿಸಿತು. ಬಿಎಸ್-3 ಮತ್ತು ಕೆಳಗಿನವುಗಳಿಗೆ ಆ ರಕ್ಷಣೆ ಇಲ್ಲ. ಇದಲ್ಲದೆ ಚಳಿಗಾಲದಲ್ಲಿ ವಾಯುಮಾಲಿನ್ಯ ತೀವ್ರವಾಗಿ ಮೂರನೆಯ ಹಂತದ ನಿರ್ಬಂಧ ಜಾರಿಯಾದಾಗ ಬಿಎಸ್-4 ಡೀಸೆಲ್ ಕಾರು, ಜೀಪುಗಳೂ ದೆಹಲಿಯಲ್ಲಿ ಓಡುವಂತಿಲ್ಲ.

ಕನ್ನಡ ಕುಟುಂಬಗಳು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ದೆಹಲಿ ಪ್ರದೇಶಕ್ಕೂ ಬೆಂಗಳೂರಿಗೂ ಬಿಎಸ್-4 ಬಂದದ್ದು 2010ರ ಏಪ್ರಿಲಿನಲ್ಲಿ. ದೇಶಾದ್ಯಂತ ಕಡ್ಡಾಯವಾದದ್ದು 2017ರ ಏಪ್ರಿಲಿನಲ್ಲಿ. ಹೀಗಾಗಿ ಶಿವಮೊಗ್ಗದಲ್ಲೋ ಹಾಸನದಲ್ಲೋ 2014ರಲ್ಲಿ ಕೊಂಡು ಇಲ್ಲಿಗೆ ತಂದ ವಾಹನ ಬಿಎಸ್-3 ಆಗಿರುವ ಸಾಧ್ಯತೆಯಿದೆ. ನೋಂದಣಿ ಪತ್ರವನ್ನು ತೆಗೆದು ನೋಡಿಕೊಳ್ಳಬೇಕು. ಇಲ್ಲಿ ನೋಂದಣಿಯಾದ ವಾಹನವನ್ನು ಊರಿಗೆ ಕಳುಹಿಸುವುದಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಸಲ್ಲಿಸಬೇಕು. ಕರ್ನಾಟಕದಲ್ಲಿ ಮರುನೋಂದಣಿಗೆ ವಾಹನದ ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆಯೂ ಇದೆ. ಅದನ್ನು ಮೊದಲೇ ಅಲ್ಲಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಂಡು, ಇಲ್ಲಿ ರಿಪೇರಿಗೆ ಹಣ ಹಾಕಬೇಕೇ ಬೇಡವೇ ಎಂದು ನಿರ್ಧರಿಸುವುದು ಒಳಿತು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು. ಮೊದಲು ನೋಂದಣಿ ಪತ್ರ ನೋಡಿ, ವಾಹನಕ್ಕೆ ಇಲ್ಲಿ ಎಷ್ಟು ಕಾಲವಿದೆ ಎಂದು ತಿಳಿಯಿರಿ. ಒಂದೆರಡು ತಿಂಗಳು ಮೈಲೇಜಿನ ಲೆಕ್ಕ ಬರೆಯಿರಿ. ಹಬ್, ಗಾಳಿ, ಬ್ರೇಕು, ಭಾರ ಎಂಬ ಕಡಿಮೆ ಖರ್ಚಿನ ಕೆಲಸಗಳನ್ನು ಮುಗಿಸಿ ಮತ್ತೆ ಅಳೆಯಿರಿ. ಆಮೇಲೆ ಫಿಲ್ಟರ್, ಥರ್ಮೋಸ್ಟಾಟ್, ನಾಝಲ್. ಪ್ರತಿ ಬಾರಿ ಒಂದೊಂದನ್ನೇ ಬದಲಿಸಿ ಅಳೆದರೆ ಯಾವುದರಿಂದ ಎಷ್ಟು ಲಾಭವೆಂಬುದು ಪುಸ್ತಕದಲ್ಲಿಯೇ ಕಾಣುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಖರ್ಚು ಆದಾಯವನ್ನು ಮೀರುತ್ತಿದ್ದರೆ, ಹೊಗೆ ನಿಲ್ಲದಿದ್ದರೆ, ವಾಹನವನ್ನು ಬಿಟ್ಟುಕೊಡುವ ಕಾಲ ಬಂದಿದೆ ಎಂದು ಅದೇ ಪುಸ್ತಕ ತಿಳಿಸುತ್ತದೆ. ಆ ಮಾತನ್ನೂ ಒಪ್ಪಿಕೊಳ್ಳುವುದು ವಾಹನದ ಮೇಲಿನ ಪ್ರೀತಿಗೆ ಕುಂದಲ್ಲ.